ಉದಗೀರದ ನೋಂದಣಿ, ಔರಾದದ ನೌಕರಿ

ನಮ್ಮ ಬೀದರ ಜಿಲ್ಲೆಯವರಿಗೆ ರಾಜ್ಯದ ಗಡಿ ಎಂದರೆ ರಸ್ತೆ ಪಕ್ಕದ ಒಂದು ಬೋರ್ಡು, ಅಷ್ಟೇ. ಔರಾದದವರು ಬಟ್ಟೆ ತರಲು ಮಹಾರಾಷ್ಟ್ರದ ದೇಗಲೂರಿಗೆ ಹೋಗುತ್ತಾರೆ. ಭಾಲ್ಕಿಯವರು ಕಣ್ಣು ತೋರಿಸಲು ಅದೇ ರಾಜ್ಯದ ಉದಗೀರದ ರೈಲು ಹತ್ತುತ್ತಾರೆ. ಬೀದರಿನವರು ಮುಂಜಾನೆ ತೆಲಂಗಾಣದ ಜಹೀರಾಬಾದಿಗೆ ಹೋಗಿ ಸಂಜೆ ಚಹಾದ ಹೊತ್ತಿಗೆ ಮನೆಯಲ್ಲಿರುತ್ತಾರೆ. ಅಲ್ಲಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಹೆಣ್ಣು ಕೊಡುತ್ತೇವೆ. ಯಾರಾದರೂ ಉದಗೀರ ಬೇರೆ ರಾಜ್ಯ ಎಂದರೆ ನಗುತ್ತೇವೆ. "ಬ್ಯಾರೆ ರಾಜ್ಯ ಏನು ಬಂತ್ರಿ, ನಮ್ಮ ಮಗ್ಗಲ ಊರು" ಎನ್ನುತ್ತೇವೆ. ಇದರ ಬಗ್ಗೆ ನಮಗೆ ಒಂದು ಹೆಮ್ಮೆಯೂ ಇದೆ. ಆ ಹೆಮ್ಮೆ ಒಬ್ಬ ನರ್ಸಿನ ಅನ್ನ ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಹೆಸರು ಮಹಾಮಾಯಾ. ಬೀದರಿನ ಮೈಲೂರಿನಲ್ಲಿ ಮನೆ. ಮೂವತ್ತೆರಡು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದೆ. ನನಗೆ ಸಿಹಿ ಮಾತು ಬರುವುದಿಲ್ಲ, ಇದನ್ನು ನನ್ನ ರೋಗಿಗಳೇ ಹೇಳುತ್ತಿದ್ದರು. ಸೂಜಿ ಚುಚ್ಚುವ ಮೊದಲು "ನೋಯೋದಿಲ್ಲ" ಎಂದು ನಾನು ಯಾರಿಗೂ ಸುಳ್ಳು ಹೇಳಿದವಳಲ್ಲ. ಇಲ್ಲೂ ಹೇಳುವುದಿಲ್ಲ. ಇದು ನೋಯುವ ಕಥೆ.

ಜೆಮಿಮಾ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯ ಹುಡುಗಿ. ಹತ್ತನೇ ತರಗತಿ ಆದ ಮೇಲೆ ಉದಗೀರದಲ್ಲಿದ್ದ ಸೋದರತ್ತೆಯ ಮನೆಗೆ ಹೋದಳು. ಅಲ್ಲೇ ಪಿಯುಸಿ, ಅಲ್ಲೇ ನರ್ಸಿಂಗ್ ಡಿಪ್ಲೊಮಾ. ಓದು ಮುಗಿದ ಕೂಡಲೇ ಮಹಾರಾಷ್ಟ್ರ ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಅವಳ ಹೆಸರು ನೋಂದಣಿಯಾಯಿತು. ಕೌನ್ಸಿಲ್ ಎಂದರೆ ಆಯಾ ರಾಜ್ಯದಲ್ಲಿ ಯಾರು ನರ್ಸ್ ಕೆಲಸ ಮಾಡಬಹುದು ಎಂದು ಹೆಸರು ಬರೆದಿಟ್ಟುಕೊಳ್ಳುವ ಸಂಸ್ಥೆ. ಅಲ್ಲಿ ಹೆಸರು ಇದ್ದರೆ ನೀವು ನರ್ಸ್. ಇಲ್ಲದಿದ್ದರೆ ಬಿಳಿ ಬಟ್ಟೆ ಹಾಕಿಕೊಂಡ ಯಾರೋ ಒಬ್ಬರು. ಜೆಮಿಮಾ ಉದಗೀರದ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದುಡಿದಳು, ಇಬ್ಬರು ತಮ್ಮಂದಿರನ್ನು ಓದಿಸಿದಳು, ಮೂವತ್ತಮೂರಕ್ಕೆ ಮದುವೆಯಾಗಿ ಭಾಲ್ಕಿಗೆ ಬಂದಳು. ಗಂಡ ಪ್ರಿನ್ಸ ಬೀದರಿನ ಕೊಳಾರದಲ್ಲಿ ಒಂದು ಕಾರ್ಖಾನೆಯ ನೌಕರ. ದಿನಾ ಬಸ್ಸಿಗೆ ಓಡಾಡುತ್ತಾನೆ.

ಪ್ರಿನ್ಸನ ತಾಯಿ ಮಾರ್ಗರೆಟಕ್ಕ. ಇವರು ಮಿಷನ್ ದವಾಖಾನೆಯ ಹಳೇ ನರ್ಸ್. ನಾನು ಕಲಿಯುವ ಹುಡುಗಿಯಾಗಿದ್ದಾಗ ನನ್ನ ಕೈ ಹಿಡಿದು ರೋಗಿಯ ನರ ಹುಡುಕುವುದನ್ನು ಕಲಿಸಿದವರು. ಅದಕ್ಕೇ ಸೊಸೆ ಬಂದ ತಿಂಗಳಿಗೆ ನನ್ನನ್ನು ಊಟಕ್ಕೆ ಕರೆದರು. ನಾನು ಹೋದಾಗ ಮಾರ್ಗರೆಟಕ್ಕ ಬಹಳ ಖುಷಿಯಲ್ಲಿದ್ದರು. ಅವತ್ತು ಮುಂಜಾನೆ ಜೆಮಿಮಾಳ ಹೆಸರನ್ನು ಭಾಲ್ಕಿಯ ಚರ್ಚಿನ ಸಭೆಯಲ್ಲಿ ಓದಿದ್ದರಂತೆ. ಅವರ ಮೆಥೋಡಿಸ್ಟ್ ಸಭೆಯಲ್ಲಿ ಒಂದು ಪದ್ಧತಿ ಇದೆ. ಒಂದೂರಿನ ಸದಸ್ಯರು ಇನ್ನೊಂದೂರಿಗೆ ಹೋದರೆ, ಹಳೆ ಸಭೆಯ ಪಾಸ್ಟರು ಪತ್ರ ಕೊಡಬೇಕು. ಆ ಪತ್ರ ಹೊಸ ಸಭೆಗೆ ಮುಟ್ಟಿದ ಮೇಲೇ ಇಲ್ಲಿ ಹೆಸರು ಸೇರುತ್ತದೆ. ಮದುವೆಯಾಗಿ ವಾರ ಕಳೆಯುವುದರೊಳಗೆ ಮಾರ್ಗರೆಟಕ್ಕ ಮಗನನ್ನು ಉದಗೀರಕ್ಕೆ ಓಡಿಸಿ ಆ ಪತ್ರ ತರಿಸಿದ್ದರು.

"ಅಕ್ಕಾ, ಸಭಾದ ಪತ್ರ ತರಿಸಿದ್ರಿ, ಚಲೋ ಆಯ್ತು," ಎಂದೆ ನಾನು. "ಅಕೀ ನರ್ಸಿಂಗ್ ನೋಂದಣಿನೂ ಇಲ್ಲಿಗಿ ತರಸ್ಬೇಕಲ್ರಿ. ಅರ್ಜಿ ಹಾಕ್ಯಾಳೇನು?"

ಮಾರ್ಗರೆಟಕ್ಕ ಸಾರಿನ ಸೌಟು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು. "ಅದ್ಯಾಕ ಬೇಕು? ನರ್ಸ್ ಅಂದ್ರ ನರ್ಸ್. ಉದಗೀರದಾಗ ಏರೋ ಸಲಾಯಿನ್ ಭಾಲ್ಕಿದಾಗ ಏರಂಗಿಲ್ಲೇನು?"

"ಸಲಾಯಿನ್ ಏರ್ತದ್ರಿ ಅಕ್ಕಾ. ನಾ ಕಾಗದದ ಮಾತು ಹೇಳ್ಲಿಕತ್ತೇನಿ."

"ಕಾಗದ ಅದಲ್ಲಾ. ಗೋಡಿಗಿ ಚೌಕಟ್ಟು ಹಾಕಿಸಿ ತೂಗ ಹಾಕೀವಿ, ನೋಡು ಅಲ್ಲಿ."

ನಿಜವಾಗಿಯೂ ಹಾಕಿದ್ದರು. ಮಹಾರಾಷ್ಟ್ರ ಕೌನ್ಸಿಲ್ಲಿನ ನೋಂದಣಿ ಪತ್ರ ಮದುವೆಯ ಫೋಟೋದ ಪಕ್ಕದಲ್ಲಿತ್ತು. ಜೆಮಿಮಾ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಾ ಮೆಲ್ಲಗೆ ಕೇಳಿದಳು.

"ಸಿಸ್ಟರ್, ನಾ ಹುಟ್ಟಿದ್ದೇ ಖಟಕ ಚಿಂಚೋಳಿದಾಗ. ನಾ ಕರ್ನಾಟಕದಾಕೀನೇ ಇದ್ದೇನಲ್ರಿ. ನಮ್ಮ ರಾಜ್ಯಕ್ಕ ನಾವು ಬರ್ಲಿಕ್ಕಿ ಪರವಾನಗಿ ಯಾಕ್ರಿ?"

"ನೀ ಎಲ್ಲಿ ಹುಟ್ಟೀದಿ ಅಂತ ಕೌನ್ಸಿಲ್ ಕೇಳಂಗಿಲ್ಲವಾ. ನಿನ್ನ ಹೆಸರು ಯಾವ ರಾಜ್ಯದ ರಜಿಸ್ಟರ್‌ನ್ಯಾಗ ಅದ ಅಂತ ಕೇಳ್ತದ. ಯಾವ ರಾಜ್ಯದಾಗ ಕೆಲಸ ಮಾಡ್ತೀದಿ, ಅದೇ ರಾಜ್ಯದಾಗ ಹೆಸರು ಇರಬೇಕು."

"ನಾ ಬೀದರ ಬಿಟ್ಟು ಆಂಧ್ರ ಕಡಿ ಮಿಷನ್ ದವಾಖಾನಿಗಿ ಹೋದಾಗ," ಎಂದು ಮಾರ್ಗರೆಟಕ್ಕ ನಡುವೆ ಬಾಯಿ ಹಾಕಿದರು, "ದೊಡ್ಡ ಡಾಕ್ಟರಮ್ಮ ಒಂದು ಚೀಟಿ ಬರದು ಕೊಟ್ಟಿದ್ರು. ಅದೇ ಚೀಟಿ ಮ್ಯಾಲ ಏಳು ವರ್ಷ ಕೆಲಸ ಮಾಡ್ದೆ. ಯಾರೂ ನೀ ಯಾವ ರಾಜ್ಯದಾಕಿ ಅಂತ ಕೇಳ್ಲಿಲ್ಲ."

"ಅದು ಆಗಿನ ಕಾಲರಿ ಅಕ್ಕಾ."

"ಮಹಾಮಾಯಾ, ನಿನಗ ನರ ಹುಡುಕೋದು ಕಲಿಸ್ದಾಕಿ ನಾನು. ಈಗ ನನಗ ನರ್ಸಿಂಗ್ ಕಲಿಸ್ಲಿಕ್ಕಿ ಬಂದೀದಿ."

ಎಲ್ಲರೂ ನಕ್ಕರು. ಪ್ರಿನ್ಸ ನಕ್ಕ, ಜೆಮಿಮಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ನಿಮಗೆ ಬೇಡವಾದರೆ ನನಗೇನು ಎಂದುಕೊಂಡು ಊಟ ಮುಗಿಸಿ ಬಸ್ಸು ಹತ್ತಿದೆ. ಆಮೇಲೆ ನಾಲ್ಕು ವರ್ಷ ಅದೇ ಮನೆಗೆ ಹೋಗಿದ್ದೇನೆ, ಚಹಾ ಕುಡಿದಿದ್ದೇನೆ, ಆ ಮಾತು ಮತ್ತೆ ಎತ್ತಲಿಲ್ಲ. ಒಂದು ಸಲ ಹೇಳಿದ್ದೇನೆ, ಕೇಳದಿದ್ದರೆ ಅವರ ಹಣೆಬರಹ ಎನ್ನುವ ಸೊಕ್ಕು ನನಗಿತ್ತು. ಇದನ್ನು ನಾನು ಯಾರ ಮೇಲೂ ಹಾಕುವುದಿಲ್ಲ, ಅದು ನನ್ನದೇ ಸೊಕ್ಕು.

ಜೆಮಿಮಾ ಭಾಲ್ಕಿಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಸೇರಿದಳು. ಮಾಲೀಕ ಅವಳ ನೋಂದಣಿ ಪತ್ರ ನೋಡಿದ, ಮಹಾರಾಷ್ಟ್ರದ್ದು ಎಂಬುದನ್ನೂ ನೋಡಿದ, ಏನೂ ಅನ್ನಲಿಲ್ಲ. ಪಗಾರ ಮಾತ್ರ ಬೇರೆ ನರ್ಸುಗಳಿಗಿಂತ ಕಡಿಮೆ ಇಟ್ಟ. "ಹೊಸಬರಿದ್ದೀರಿ, ಮುಂದ ನೋಡೋಣ" ಎಂದ. ಹನ್ನೊಂದು ವರ್ಷ ಕೆಲಸ ಮಾಡಿದವಳು ಹೇಗೆ ಹೊಸಬಳಾದಳು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ನಾಲ್ಕು ವರ್ಷದಲ್ಲಿ ಅಲ್ಲಿನ ಹೆರಿಗೆ ಕೋಣೆ ಅವಳ ಕೈಯಲ್ಲೇ ನಡೆಯಿತು. ಎಳೆಯ ಹುಡುಗಿಯರಿಗೆಲ್ಲ ಅವಳೇ ಕೆಲಸ ಕಲಿಸಿದಳು.

ಆಮೇಲೆ ಸರಕಾರಿ ನರ್ಸ್ ಹುದ್ದೆಗೆ ಅರ್ಜಿ ಕರೆದರು. ಜಿಲ್ಲೆಯಲ್ಲಿ ಕೆಲವೇ ಜಾಗ, ಅದರಲ್ಲಿ ಜೆಮಿಮಾ ಅರ್ಜಿ ಹಾಕಬಹುದಾದದ್ದು ಒಂದೇ ಒಂದು. ಅದೂ ಔರಾದದಲ್ಲಿ. ವಯಸ್ಸಿನ ಮಿತಿ ನೋಡಿದರೆ ಅವಳಿಗೆ ಇದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಸರಕಾರಿ ನೌಕರಿ ಜೀವನದಲ್ಲಿ ಇಲ್ಲ. ಅರ್ಜಿಯಲ್ಲಿ "ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ?" ಎಂಬ ಪ್ರಶ್ನೆ ಇತ್ತು. ಅವಳು "ಇದೆ" ಎಂದು ಬರೆದಳು. ಸುಳ್ಳು ಬರೆದದ್ದಲ್ಲ, ಗೋಡೆಯ ಮೇಲೆ ಇತ್ತಲ್ಲ.

ಪಟ್ಟಿ ಬಂತು. ಆ ಜಾಗಕ್ಕೆ ಮೊದಲ ಹೆಸರು ಜೆಮಿಮಾಳದು. ಮಾರ್ಗರೆಟಕ್ಕ ಓಣಿಗೆಲ್ಲ ಪೇಡೆ ಹಂಚಿದರು. ಪ್ರಿನ್ಸ ರಜೆ ಹಾಕಿ ಔರಾದಕ್ಕೆ ಹೋಗಿ, ದವಾಖಾನೆಯ ಹತ್ತಿರ ಬಾಡಿಗೆಗೆ ಒಂದು ಕೋಣೆ ನೋಡಿ ಬಂದ. ನನಗೆ ಜೆಮಿಮಾ ಫೋನ್ ಮಾಡಿದಳು.

"ಸಿಸ್ಟರ್, ಸೋಮವಾರ ಬೀದರದಾಗ ಕಾಗದ ತಪಾಸಣಿ ಅದರಿ. ನೀವು ಜರಾ ಸಂಗಟ ಬರ್ರಿ. ನನಗ ಆಫೀಸು ಅಂದ್ರ ಅಂಜಿಕಿ."

ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ನಾಲ್ಕು ವರ್ಷ ಆಗಿತ್ತು, ಮಾಡಿಸಿಕೊಂಡಿರುತ್ತಾಳೆ ಎಂದುಕೊಂಡೆ. ಕೇಳಲಿಲ್ಲ.

ತಪಾಸಣೆಯ ಮೇಜಿನ ಹಿಂದೆ ಮಚ್ಛೇಂದ್ರ ಎಂಬ ಅಧಿಕಾರಿ ಕುಳಿತಿದ್ದರು. ಒಳ್ಳೆಯ ಮನುಷ್ಯ, ಗದರುವವರಲ್ಲ. ಅಂಕಪಟ್ಟಿ ನೋಡಿದರು, ಜಾತಿ ಪ್ರಮಾಣಪತ್ರ ನೋಡಿದರು, ತಲೆ ಅಲ್ಲಾಡಿಸಿದರು. ನೋಂದಣಿ ಪತ್ರಕ್ಕೆ ಬಂದಾಗ ಅವರ ಕೈ ನಿಂತಿತು. ಅದನ್ನು ಅವಳು ಚೌಕಟ್ಟಿನಿಂದ ಬಿಚ್ಚಿ ತಂದಿದ್ದಳು.

"ಸಿಸ್ಟರ್, ಇದು ಮಹಾರಾಷ್ಟ್ರದ್ದು ಅದ."

"ಹೌದ್ರಿ ಸರ್. ನಾ ಓದಿದ್ದು ಅಲ್ಲೇರಿ."

"ಓದಿದ್ದು ಎಲ್ಲೇ ಇರ್ಲಿ. ಕರ್ನಾಟಕ ಕೌನ್ಸಿಲ್‌ದು ಎಲ್ಲದ?"

"ಅದೂ ಬೇಕೇನ್ರಿ?"

ಮಚ್ಛೇಂದ್ರ ಪ್ರಕಟಣೆಯ ಹಾಳೆ ತಿರುಗಿಸಿ ಅವಳ ಮುಂದೆ ಇಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ಬರದಾರ ನೋಡ್ರಿ. ಅರ್ಜಿ ಹಾಕೋ ಕಡಿ ತಾರೀಖಿಗಿ ಕರ್ನಾಟಕ ರಾಜ್ಯದ ಕೌನ್ಸಿಲ್‌ದಾಗ ನೋಂದಣಿ ಆಗಿರಬೇಕು. ಮತ್ತ ನಿಮ್ಮ ಈ ಕಾಗದದ ಅವಧಿನೂ ಮುಗದದ. ಐದು ವರ್ಷಕ್ಕೊಮ್ಮಿ ನವೀಕರಣ ಮಾಡಿಸ್ಬೇಕು. ನೀವು ಮದಿವಿ ಆದ ಮ್ಯಾಲ ಮಾಡಿಸೇ ಇಲ್ಲ."

"ಸರ್, ಹದಿನೈದು ದಿನ ಕೊಡ್ರಿ. ಮುಂಬೈದಾಗಿನ ಕೌನ್ಸಿಲ್‌ಗಿ ಹೋಗಿ ತರ್ತೇನಿ."

"ತಂಗಿ, ನಾ ಮೂರು ತಿಂಗಳ ಕೊಟ್ರೂ ಉಪಯೋಗ ಇಲ್ಲ. ಕಡಿ ತಾರೀಖು ಆಗಲೇ ಮುಗದದ. ನೀವು ನಾಳಿ ತಂದ್ರ ಅದರ ಮ್ಯಾಲ ನಾಳಿ ತಾರೀಖೇ ಇರ್ತದ. ಹಿಂದಿನ ತಾರೀಖು ಹಾಕಿ ಯಾವ ಕೌನ್ಸಿಲೂ ಕೊಡಂಗಿಲ್ಲ."

"ಪಟ್ಟಿದಾಗ ನನ್ನ ಹೆಸರು ಮೊದಲ ಅದರಿ."

"ಅದಕ್ಕೇ ನನಗೂ ಕೆಟ್ಟ ಅನಸ್ತದ," ಎಂದರು ಮಚ್ಛೇಂದ್ರ.

"ಹಂಗಾದ್ರ ಹದಿನೈದು ವರ್ಷ ನಾ ಮಾಡಿದ್ದು ಏನ್ರಿ ಸರ್?"

ಅವರು ಅವಳ ಹೆಸರಿನ ಮುಂದೆ ಒಂದು ಸಾಲು ಬರೆದರು, ಸಹಿ ಹಾಕಿಸಿಕೊಂಡರು. ಆಮೇಲೆ ಅದೇ ಜಾಗಕ್ಕೆ ಪಟ್ಟಿಯಲ್ಲಿದ್ದ ಎರಡನೇ ಹೆಸರು ಕೂಗಿದರು. ಶೈಸ್ತಾ.

ಶೈಸ್ತಾ ನಮ್ಮ ಮೈಲೂರಿನ ಹುಡುಗಿ, ನಮ್ಮ ಓಣಿಯವಳು. ಅವಳು ಹೈದರಾಬಾದಿನಲ್ಲಿ ಓದಿದವಳು, ಅವಳ ನೋಂದಣಿಯೂ ಮೊದಲು ತೆಲಂಗಾಣದ್ದೇ ಆಗಿತ್ತು. ಎರಡು ವರ್ಷದ ಹಿಂದೆ ಬೀದರಕ್ಕೆ ಮರಳಿದಾಗ ನನ್ನ ಬಳಿ ಬಂದು ಏನು ಮಾಡಬೇಕೆಂದು ಕೇಳಿದಳು. ನನ್ನ ಮನೆಯಲ್ಲೇ ಕೂಡಿಸಿಕೊಂಡು ಅರ್ಜಿ ತುಂಬಿಸಿದ್ದೆ. ಕರ್ನಾಟಕದ ನೋಂದಣಿ ಅವಳ ಕೈಯಲ್ಲಿತ್ತು. ಮೇಜಿನ ಕಡೆ ಹೋಗುವಾಗ ಅವಳು ಜೆಮಿಮಾಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆ ಹುಡುಗಿಯದು ಏನೂ ತಪ್ಪಿಲ್ಲ. ಮಾಡಬೇಕಾದ್ದನ್ನು ಮಾಡಿದ್ದಳು, ಅಷ್ಟೇ.

ಅವತ್ತು ನಾನೂ ಜೆಮಿಮಾಳ ಜೊತೆ ಭಾಲ್ಕಿಗೆ ಹೋದೆ. ಮನೆಯಲ್ಲಿ ಮಾರ್ಗರೆಟಕ್ಕ ಬಾಗಿಲಲ್ಲೇ ನಿಂತಿದ್ದರು. ಬೀದರಿನಲ್ಲಿ ಆದದ್ದನ್ನೆಲ್ಲ ನಾನೇ ಹೇಳಿದೆ. ಶೈಸ್ತಾಳ ಮಾತು ಬಂದಾಗ ಅವರ ದನಿ ಏರಿತು.

"ನಿಮ್ಮ ಓಣಿ ಹುಡುಗಿಗಿ ಮನಿಯಾಗ ಕೂಡಿಸ್ಕೊಂಡು ಹೇಳಿಕೊಟ್ಟೀದಿ. ನಮ್ಮಕೀಗಿ ಯಾಕ ಹೇಳಿಕೊಡ್ಲಿಲ್ಲ, ಮಹಾಮಾಯಾ?"

"ಹೇಳಿದ್ದೆ ಅಕ್ಕಾ. ಇದೇ ಮನಿಯಾಗ ಹೇಳಿದ್ದೆ."

"ಒಮ್ಮಿ ಹೇಳಿದ್ದಿ. ನಾ ಮುದುಕಿ, ನನಗ ತಿಳೀಲಿಲ್ಲ. ಶೈಸ್ತಾಗ ಎಷ್ಟು ಸಲ ಹೇಳಿದ್ದಿ?"

ಶೈಸ್ತಾಳಿಗೆ ನಾನು ಹತ್ತು ಸಲ ಫೋನ್ ಮಾಡಿದ್ದೆ. ಅವಳು "ಹೌದು ಆಂಟಿ" ಎನ್ನುತ್ತಿದ್ದಳು, ನನ್ನ ಮಾತಿಗೆ ಬೆಲೆ ಕೊಡುತ್ತಿದ್ದಳು, ಅದಕ್ಕೇ ಹೇಳುತ್ತಿದ್ದೆ. ಇಲ್ಲಿ ನಕ್ಕಿದ್ದರು, ಅದಕ್ಕೇ ಬಿಟ್ಟೆ. ನರ್ಸ್ ಆದವಳು ರೋಗಿ ಒಮ್ಮೆ ಔಷಧ ಉಗುಳಿದರೆ ಬಿಟ್ಟು ಹೋಗುತ್ತಾಳೇನು?

ಪ್ರಿನ್ಸ ಆಗ ಒಂದು ಮಾತು ಹೇಳಿದ. "ಆಂಟಿ, ನಮ್ಮ ಕಾರ್ಖಾನಿದಾಗ ಒಬ್ಬನಿಗಿ ಗೊತ್ತಿರೋ ಏಜೆಂಟ್ ಇದ್ದಾನಂತ. ರೊಕ್ಕ ಕೊಟ್ರ ವಾರದಾಗ ಕರ್ನಾಟಕದ ನೋಂದಣಿ ತಂದು ಕೊಡ್ತಾನಂತ. ತಾರೀಖು ನಮಗ ಬೇಕಾದ್ದು."

ನಾನು ಬಾಯಿ ತೆರೆಯುವ ಮೊದಲೇ ಜೆಮಿಮಾ ತಲೆ ಎತ್ತಿದಳು. ಮುಂಜಾನೆಯಿಂದ ಅದೇ ಅವಳ ಮೊದಲ ಗಟ್ಟಿ ಮಾತು.

"ಬ್ಯಾಡ. ನೌಕರಿ ಹೋಗ್ಯದ. ನಾ ಖರೆ ನರ್ಸ್ ಅನ್ನೋದು ಒಂದು ಉಳದದ. ಖೊಟ್ಟಿ ಕಾಗದ ತಂದು ಅದನ್ನೂ ಕಳಕೊಳ್ಳಂಗಿಲ್ಲ."

ಪ್ರಿನ್ಸ ಮತ್ತೆ ಏಜೆಂಟನ ಮಾತು ಎತ್ತಲಿಲ್ಲ. ನಾನು ಹೇಳಬೇಕಾದ ಇನ್ನೊಂದು ಕಹಿ ಮಾತಿತ್ತು. ಈ ಸಲ ನುಂಗಲಿಲ್ಲ.

"ಜೆಮಿಮಾ, ನಾಳಿಂದ ಆ ನರ್ಸಿಂಗ್ ಹೋಮಿಗಿ ಹೋಗಬ್ಯಾಡ."

"ಯಾಕ್ರಿ? ಅದೂ ಬಿಟ್ರ ಮನಿ ಹ್ಯಾಂಗ ನಡೀತದ?"

"ನಿನ್ನ ಹೆಸರು ಇಲ್ಲಿ ಇಲ್ಲ. ಅಲ್ಲಿ ಇದ್ದದ್ದರ ಅವಧಿ ಮುಗದದ. ನಾಳಿ ಒಬ್ಬ ಬಾಣಂತಿಗಿ ಏನಾರ ಆಯ್ತಂದ್ರ ಆ ಮಾಲೀಕ ನಿನ್ನ ಕಡಿ ಬಟ್ಟು ತೋರಿಸ್ತಾನ. ಇಕೀಗಿ ನೋಂದಣಿನೇ ಇಲ್ಲ, ನನಗ ಗೊತ್ತಿರಲಿಲ್ಲ ಅಂತಾನ."

"ಅಂವಗ ಗೊತ್ತಿತ್ತು. ಕಾಗದ ನೋಡ್ಯಾನ."

"ಗೊತ್ತಿದ್ದೇ ಪಗಾರ ಕಡಿಮಿ ಕೊಟ್ಟಾನ. ನಿನಗ ಬ್ಯಾರೆ ಕಡಿ ಹೋಗ್ಲಿಕ್ಕಿ ಬರಂಗಿಲ್ಲ ಅಂತ ಅಂವಗ ಮೊದಲಿಂದೂ ಗೊತ್ತು."

ಮಾಲೀಕ ಹಾಗೆ ಮಾಡುತ್ತಾನೆಂದು ಅವಳು ನಂಬಲಿಲ್ಲ, ಆದರೂ ನನ್ನ ಮಾತು ಕೇಳಿದಳು. ಮರುದಿನ ಹೋಗಿ ಕೆಲಸ ಬಿಡುತ್ತೇನೆ, ಅನುಭವದ ಪತ್ರ ಕೊಡಿ ಎಂದು ಕೇಳಿದಳು. ಮಾಲೀಕ ಕೊಟ್ಟ. "ಶ್ರೀಮತಿ ಜೆಮಿಮಾ ನಮ್ಮಲ್ಲಿ ನಾಲ್ಕು ವರ್ಷ ಸಹಾಯಕಿಯಾಗಿ ಕೆಲಸ ಮಾಡಿದ್ದಾರೆ" ಎಂದು ಬರೆದಿದ್ದ. ಇದೇನು ಸರ್, ನಾನು ನರ್ಸ್ ಅಲ್ಲವೇ ಎಂದು ಕೇಳಿದ್ದಕ್ಕೆ, "ನರ್ಸ್ ಅಂತ ಬರದ್ರ ನಾ ಸಿಗಬೀಳ್ತೇನಿ, ನೋಂದಣಿ ಇಲ್ಲದಾಕೀನ ಇಟ್ಕೊಂಡಿದ್ದೆ ಅಂತ" ಎಂದನಂತೆ. ನಾಲ್ಕು ವರ್ಷದಲ್ಲಿ ಎಷ್ಟು ಕೂಸುಗಳನ್ನು ಆ ಕೈ ಹಿಡಿದಿತ್ತೋ, ಲೆಕ್ಕವಿಲ್ಲ. ಕಾಗದದ ಮೇಲೆ ಅವಳು ಸಹಾಯಕಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಭಾನುವಾರ ಅದೇ ಮನೆಯಲ್ಲಿ ಎಲ್ಲರೂ ಕೂಡಿ ಕುಳಿತೆವು. ಮಾರ್ಗರೆಟಕ್ಕನೇ ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದರು.

"ಹೇಳು ಮಹಾಮಾಯಾ. ಈಗ ನೀ ಹೇಳು, ನಾ ಬರ್ಕೋತೇನಿ. ಮೊದಲ ಏನು?"

"ಮೊದಲ ಮಹಾರಾಷ್ಟ್ರದ್ದು ನವೀಕರಣ ಆಗಬೇಕು. ಅಲ್ಲಿ ಅವಧಿ ಮುಗದಿದ್ರ ಅವರು ಮುಂದಿನ ಕಾಗದ ಕೊಡಂಗಿಲ್ಲ. ನವೀಕರಣಕ್ಕ ಇಷ್ಟು ತಾಸು ತರಬೇತಿ ಆಗಿರಬೇಕು ಅಂತದ, ಆ ತಾಸು ತುಂಬ್ಯಾವಿಲ್ಲೋ ಅಂತನೂ ಕೇಳ್ತಾರ."

"ಆಮ್ಯಾಲ?"

"ಆಮ್ಯಾಲ ಅದೇ ಕೌನ್ಸಿಲ್‌ಗಿ ಎನ್‌ಒಸಿ ಕೇಳಬೇಕು. ಇಕಿ ನಮ್ಮಲ್ಲಿ ನೋಂದಣಿ ಆದಾಕಿ, ಇಕೀ ಮ್ಯಾಲ ಏನೂ ತಕರಾರಿಲ್ಲ, ಕರ್ನಾಟಕಕ್ಕ ಹೋಗ್ಲಿಕ್ಕಿ ನಮ್ಮ ಅಡ್ಡಿ ಇಲ್ಲ ಅಂತ ಅವರು ಬರದು ಕೊಡಬೇಕು. ನೋಂದಣಿ ಖರೆ ಅದ ಅಂತ ಒಂದು ಕೌನ್ಸಿಲ್‌ದವರು ಇನ್ನೊಂದು ಕೌನ್ಸಿಲ್‌ಗಿ ತಾವೇ ತಿಳಸ್ತಾರ. ಅದಕ್ಕೇ ದಿನ ಹಿಡೀತದ."

"ಎನ್‌ಒಸಿ ಬಂದ್ರ ಮುಗೀತೇನ್ರಿ?" ಪ್ರಿನ್ಸ ಕೇಳಿದ.

"ಎಲ್ಲಿ ಮುಗೀತದ? ಎನ್‌ಒಸಿ ಅಂದ್ರ ಅಲ್ಲಿಂದ ಬಿಟ್ರು ಅಂತ. ಇಲ್ಲಿ ತೊಗೊಂಡ್ರು ಅಂತ ಅಲ್ಲ. ಅದನ್ನ ಪೆಟ್ಟಿಗ್ಯಾಗ ಇಟ್ಟು ಕೂಡಬಾರ್ದು, ಕೂಡ್ಲೇ ಕರ್ನಾಟಕ ಕೌನ್ಸಿಲ್‌ಗಿ ಅರ್ಜಿ ಹಾಕಬೇಕು. ಅಂಕಪಟ್ಟಿ, ಡಿಪ್ಲೊಮಾ, ಹಳೇ ನೋಂದಣಿ, ಆಧಾರ, ಎಲ್ಲಾ ಬೇಕು. ಜೆಮಿಮಾ, ಮದಿವಿ ಆದ ಮ್ಯಾಲ ಆಧಾರದಾಗ ಹೆಸರು ಬದಲಾಗ್ಯದೇನು?"

"ಹೌದ್ರಿ. ಇವರ ಹೆಸರು ಸೇರಿಸೀವಿ."

"ಹಂಗಾದ್ರ ಮದಿವಿ ನೋಂದಣಿ ಪತ್ರನೂ ಇಡು. ಇಲ್ಲಂದ್ರ ಎರಡು ಹೆಸರು, ಎರಡು ಮಂದಿ ಅಂತ ತಿಳ್ಕೊಂಡು ಅರ್ಜಿ ವಾಪಸ್ ಕಳಸ್ತಾರ."

ಮಾರ್ಗರೆಟಕ್ಕ ಬರೆಯುವುದನ್ನು ನಿಲ್ಲಿಸಿದರು. "ಸಭಾಕ್ಕ ಒಂದು ಪತ್ರ ಬೇಕು ಅಂತ ನನಗ ತಿಳೀತು. ಮದಿವಿ ಆಗಿ ವಾರದಾಗ ತರಿಸ್ದೆ. ಇಕೀ ಹೊಟ್ಟಿ ತುಂಬೋ ಕೆಲಸಕ್ಕೂ ಅಂಥದೇ ಪತ್ರ ಬೇಕು ಅಂತ ಯಾಕ ತಿಳೀಲಿಲ್ಲ?" ಎಂದರು. ಜೆಮಿಮಾ ಎದ್ದು ಒಳಗೆ ಹೋದಳು.

ಆಮೇಲೆ ಕಾಯುವ ಕೆಲಸ ಶುರುವಾಯಿತು. ತರಬೇತಿಯ ತಾಸು ಕಡಿಮೆ ಬಿದ್ದಿತ್ತು, ಮೊದಲು ಅದನ್ನು ತುಂಬಿಸಿದಳು. ಅದಾದ ಮೇಲೆ ನವೀಕರಣ. ಆಮೇಲೆ ಎನ್‌ಒಸಿ. ಒಂದು ಸಹಿ ಸರಿಯಿಲ್ಲವೆಂದು ಅರ್ಜಿ ಒಮ್ಮೆ ವಾಪಸ್ ಬಂತು. ಜೆಮಿಮಾ ದಿನಾ ಫೋನ್ ನೋಡುತ್ತಿದ್ದಳು. ಮನೆ ಪ್ರಿನ್ಸನ ಒಬ್ಬನ ಪಗಾರದ ಮೇಲೆ ನಡೆಯಿತು. ಔರಾದದ ಕೋಣೆ ಬೇಡವೆಂದು ಹೇಳಿ ಬಂದದ್ದೂ ಅವನೇ. ಶೈಸ್ತಾ ಔರಾದದಲ್ಲಿ ಹಾಜರಾದಳೆಂದು ಜೆಮಿಮಾಳಿಗೆ ನಾನೇ ಹೇಳಿದೆ, ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು. "ಚಲೋ ಹುಡುಗಿ, ಆಗ್ಲಿ ಬಿಡ್ರಿ" ಎಂದಳು. ಅವತ್ತು ಸಂಜೆ ಊಟ ಮಾಡಲಿಲ್ಲ ಎಂದು ಮಾರ್ಗರೆಟಕ್ಕ ಆಮೇಲೆ ಹೇಳಿದರು.

ಒಂಬತ್ತನೇ ತಿಂಗಳಿಗೆ ಕರ್ನಾಟಕದ ನೋಂದಣಿ ಬಂತು. ಅಷ್ಟರಲ್ಲಿ ಜೆಮಿಮಾಳಿಗೆ ವಯಸ್ಸಿನ ಮಿತಿ ದಾಟಿ ಆರು ವಾರವಾಗಿತ್ತು. ಮುಂದೆ ಎಷ್ಟು ಹುದ್ದೆ ಕರೆದರೂ ಅವಳ ಅರ್ಜಿ ನಡೆಯುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಈಗ ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಸಂದರ್ಶನದಲ್ಲಿ ಅವಳ ಕಾಗದ ನೋಡಿ, "ನಾಲ್ಕು ವರ್ಷ ನರ್ಸ್ ಕೆಲಸ ಬಿಟ್ಟು ಸಹಾಯಕಿ ಆಗಿದ್ರೇನು?" ಎಂದು ಕೇಳಿದರಂತೆ. ಹೊಸಬಳೆಂದೇ ಸೇರಿಸಿಕೊಂಡರು. ಅವಳ ವಾರ್ಡಿನ ಹಿರಿಯ ನರ್ಸ್ ಒಬ್ಬ ಹುಡುಗಿ. ಭಾಲ್ಕಿಯಲ್ಲಿ ಆ ಹುಡುಗಿಗೆ ಸಲಾಯಿನ್ ಹಾಕಲು ಕಲಿಸಿದ್ದೇ ಜೆಮಿಮಾ.

ಮಾರ್ಗರೆಟಕ್ಕ ಈಗ ಬದಲಾಗಿದ್ದಾರೆ. ಹೋದ ತಿಂಗಳು ಅವರ ಓಣಿಯ ಪ್ರಣಾಲಿ ಎಂಬ ನರ್ಸ್, ಗಂಡನ ಕೆಲಸದ ಸಲುವಾಗಿ ಪುಣೆಗೆ ಹೊರಟಿದ್ದಳು. ಮಾರ್ಗರೆಟಕ್ಕ ಕೋಲು ಊರಿಕೊಂಡು ಅವಳ ಮನೆಗೆ ಹೋಗಿ ಕುಳಿತರು. "ಮೊದಲ ಅರ್ಜಿ ಹಾಕು, ಆಮ್ಯಾಲ ಸಾಮಾನು ಕಟ್ಟು" ಎಂದರು. ಹುಡುಗಿ ನಕ್ಕಳು. ಮರುದಿನ ಮತ್ತೆ ಹೋದರು. ಮೂರನೇ ದಿನವೂ ಹೋದರು. ನಾಲ್ಕನೇ ದಿನ ಪ್ರಣಾಲಿ ಅರ್ಜಿ ಹಾಕಿದಳು.

ಈ ಕಥೆ ಅಚ್ಚಿಗೆ ಕೊಡುವ ಮೊದಲು ಜೆಮಿಮಾಳ ಬಳಿ ಹೋಗಿ, ನಿನ್ನ ಹೆಸರು ಬದಲಿಸಿ ಬರೆಯಲೇ ಎಂದು ಕೇಳಿದೆ. ಡ್ಯೂಟಿ ಮುಗಿಸಿ ಬಂದಿದ್ದಳು, ಕಾಲು ಬಾತಿದ್ದವು.

"ಬದಲ ಮಾಡಬ್ಯಾಡ್ರಿ ಸಿಸ್ಟರ್," ಎಂದಳು. "ಆ ಪಟ್ಟಿದಾಗ ನನ್ನ ಹೆಸರು ಹೊಡದು ಹಾಕಿದ್ರು. ಇಲ್ಲಿಯಾದ್ರೂ ಇರ್ಲಿ."

ಅಕ್ಕಂದಿರೇ, ತಂಗಿಯರೇ, ನರ್ಸ್ ಆಗಿರುವ ಅಣ್ಣತಮ್ಮಂದಿರೇ, ಈ ಕಾಗದ ಕೆಳಗಿಟ್ಟು ಮೊದಲು ನಿಮ್ಮ ನೋಂದಣಿ ಪತ್ರ ತೆಗೆದು ನೋಡಿ. ಅದು ಯಾವ ರಾಜ್ಯದ್ದು? ಅವಧಿ ಯಾವಾಗ ಮುಗಿಯುತ್ತದೆ? ನೀವು ಕೆಲಸ ಮಾಡುತ್ತಿರುವುದು ಯಾವ ರಾಜ್ಯದಲ್ಲಿ? ಉದಗೀರವಿರಲಿ, ಜಹೀರಾಬಾದಿರಲಿ, ಹತ್ತು ಹೆಜ್ಜೆ ಆಚೆ ಇದ್ದರೂ ಅದು ಬೇರೆ ರಾಜ್ಯ, ಬೇರೆ ಕೌನ್ಸಿಲ್. ಹುಟ್ಟಿದ ಊರಿಗೇ ಮರಳಿ ಬಂದರೂ ಅರ್ಜಿ ಹಾಕಲೇಬೇಕು. ಯಾವ ಕಾಗದ ಬೇಕು, ಎಷ್ಟು ಶುಲ್ಕ, ಎಷ್ಟು ದಿನ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುತ್ತದೆ, ಆಗಾಗ ಬದಲೂ ಆಗುತ್ತದೆ. ಆಯಾ ಕೌನ್ಸಿಲ್ಲಿನ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿ, ಕಚೇರಿಗೇ ಕೇಳಿ. ಏಜೆಂಟನಿಗೆ ನಿಮ್ಮ ಅಸಲು ಪತ್ರ ಕೊಡಬೇಡಿ. ನಿಮ್ಮ ಆಸ್ಪತ್ರೆಯ ಮಾಲೀಕ "ನಡೀತದ ಬಿಡ್ರಿ" ಎಂದರೆ, ಅದು ನಡೆಯುವುದು ಅವನಿಗೆ, ನಿಮಗಲ್ಲ ಎಂದು ತಿಳಿಯಿರಿ.

ನೌಕರಿಯ ಪ್ರಕಟಣೆ ಬಂದ ಮೇಲೆ ಮಾಡಿಸಿದರಾಯಿತು ಎಂದು ಕೂರಬೇಡಿ. ಆಗ ಕೌನ್ಸಿಲ್ಲಿನ ಕಾಗದ ನಿಧಾನವಾಗಿ ಬರುತ್ತದೆ, ವಯಸ್ಸು ನಿಧಾನ ಮಾಡುವುದಿಲ್ಲ. ಜೆಮಿಮಾಳ ಕಾಗದ ಈಗ ಸರಿಯಾಗಿದೆ, ಅದನ್ನು ತೋರಿಸಲು ಅವಳಿಗೆ ಇನ್ನು ಸರಕಾರಿ ತಪಾಸಣೆಯ ಮೇಜಿಲ್ಲ.